ಒಪ್ಪಿಸುವವರೆಗೆ ಬಿಡದ ಕೈ

ಕಳೆದ ಆಷಾಢದಲ್ಲಿ ನನ್ನ ಧ್ವನಿ ಹೋಯಿತು. ನೆಗಡಿಯಾದಾಗ ಗಂಟಲು ಕಟ್ಟುತ್ತದಲ್ಲ, ಹಾಗಲ್ಲ. ಕತ್ತಿನಲ್ಲಿದ್ದ ಥೈರಾಯ್ಡ್ ಗಂಟು ತೆಗೆಸಿಕೊಂಡು ಎಚ್ಚರವಾದಾಗ ನಮ್ಮ ಮನೆಯವರನ್ನು ಕರೆಯಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು, ಸೈಕಲ್ ಟ್ಯೂಬಿನಿಂದ ಬಿಟ್ಟ ಹಾಗೆ.

ನಮ್ಮ ಗೋಷ್ಠಿಯ ಶರಣ ಬಂಧುಗಳೇ, ಈ ಅನುಭವವನ್ನು ಬರೆದುಕೊಡಿ ಎಂದು ನೀವು ಕೇಳಿ ಬಹಳ ದಿನವಾಯಿತು. ಹೋದ ತಿಂಗಳು ಗೋಷ್ಠಿಯಲ್ಲಿ ಹಿರಿಯರೊಬ್ಬರು ನನ್ನ ಕಥೆಯನ್ನು ನನ್ನೆದುರಿಗೇ ಹೇಳಿದರು. ನಾನು ಲಿಂಗಪೂಜೆಗೆ ಕೂತಿದ್ದಾಗ ಅಂಗೈಯಲ್ಲಿ ಬೆಳಕು ಕಂಡಿತಂತೆ, ಆ ಕ್ಷಣವೇ ಧ್ವನಿ ಬಂತಂತೆ. ಬೆಳಕು ಕಾಣಲಿಲ್ಲ. ಧ್ವನಿಯೂ ಹಾಗೆ ಬರಲಿಲ್ಲ. ಆದರೆ ಅವರು ಹೇಳುತ್ತಿದ್ದರೆ, ಕಂಡಿತ್ತೇನೋ ಎಂದು ನನಗೇ ಅನ್ನಿಸತೊಡಗಿತು. ಭಯವಾದದ್ದು ಅದಕ್ಕೆ. ನೆನಪಿಗೆ ಚೆಂದ ಕಾಣುವ ಆಸೆ ಬಹಳ. ಅದು ಪೂರ್ತಿ ಅಲಂಕಾರ ಮಾಡಿಕೊಳ್ಳುವ ಮೊದಲೇ ಬರೆದುಬಿಡುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹೆಬ್ಬಗೋಡಿಯ ಒಂದು ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂರುವ ಟೆಕ್ನಿಷಿಯನ್‌ಗಳನ್ನು ತಯಾರು ಮಾಡುವ ಕೋರ್ಸು ಅದು. ದಾವಣಗೆರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು, ನಮ್ಮ ಮನೆಯವರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಾದ ಮೇಲೆ ಇಲ್ಲಿಗೆ ಬಂದು ಇದನ್ನು ಹಿಡಿದೆ. ಕೋರ್ಸಿನ ಕೊನೆಗೆ ಕಂಪ್ಯೂಟರಿನಲ್ಲಿ ಪರೀಕ್ಷೆ. ಅದು ಪಾಸಾಗದೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದೆ ಆಂಬುಲೆನ್ಸ್ ಹತ್ತಿಸುವುದಿಲ್ಲ. ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರ ಒತ್ತಿದರೆ ಮಾತ್ರ ಮುಂದಿನದು ಬರುತ್ತದೆ. ಬಿಟ್ಟು ಮುಂದೆ ಹೋಗುವ ಹಾಗಿಲ್ಲ, ಒತ್ತಿದ್ದಕ್ಕೆ ವಾಪಸ್ ಬರುವ ಹಾಗೂ ಇಲ್ಲ. ಬರುವುದನ್ನು ಮೊದಲು ಬರೆದು, ಬಾರದ್ದಕ್ಕೆ ಜಾಗ ಬಿಟ್ಟು, ಕೊನೆಗೆ ನೋಡಿಕೊಳ್ಳೋಣ ಎಂದು ಕಲಿತು ಬಂದವರಿಗೆ ಇದು ಉಸಿರು ಕಟ್ಟಿಸುತ್ತದೆ.

ನನ್ನ ಪಾಠವೆಲ್ಲ ಬಾಯಲ್ಲೇ ಇತ್ತು. "ಜಾಗ ಸೇಫಾ?" ಎಂದು ನಾನು ಕೂಗಿದರೆ "ಸೇಫು ಮೇಡಂ" ಎಂದು ಇಡೀ ಕ್ಲಾಸು ಕೂಗಬೇಕು. "ಗ್ಲೌಸು?" "ಹಾಕ್ಕೊಂಡ್ವಿ ಮೇಡಂ." ಕೆಳಗಿನ ಬೇಕರಿಯವರಿಗೂ ಅದು ಬಾಯಿಪಾಠವಾಗಿತ್ತು. ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿಸುವಾಗಲೂ ಬೆನ್ನ ಹಿಂದೆ ನಿಂತಿರುತ್ತಿದ್ದೆ. ಯಾರ ಬೆರಳಾದರೂ ತಡವರಿಸಿದರೆ ಉತ್ತರ ನಾನೇ ಹೇಳಿಬಿಡುತ್ತಿದ್ದೆ.

ಎಲ್ಲಕ್ಕಿಂತ ಜೋರಾಗಿ ಹೇಳಿಕೊಡುತ್ತಿದ್ದದ್ದು ತಲೆ ಹಿಡಿಯುವ ಪಾಠ. ಎತ್ತರದಿಂದ ಬಿದ್ದವರ ಕತ್ತಿನ ಮೂಳೆ ಮುರಿದಿರಬಹುದು. ಅಲ್ಲಾಡಿಸಿದರೆ ಒಳಗಿನ ನರವೂ ತುಂಡಾಗಬಹುದು. ಆದ್ದರಿಂದ ಒಬ್ಬರು ತಲೆಯ ಕಡೆ ಕೂತು ಎರಡೂ ಕೈಯಿಂದ ತಲೆಯನ್ನು ಇದ್ದ ಹಾಗೇ ಹಿಡಿಯಬೇಕು. ಹಿಡಿದವರು ಬಿಡುವ ಹಾಗಿಲ್ಲ. ಮೂಗು ತುರಿಸಲಿ, ಮಳೆ ಬರಲಿ, ಯಾರೇ ಕರೆಯಲಿ. ಇನ್ನೊಬ್ಬರ ಕೈ ಅದೇ ಜಾಗಕ್ಕೆ ಬಂದು "ನಾನು ಹಿಡಿದೆ" ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ನಮ್ಮ ಕೈ ತೆಗೆಯಬೇಕು.

ಆ ಪಾಠದ ದಿನ ಒಬ್ಬ ಹೆಂಗಸು ಎದ್ದು ನಿಂತು ಕೇಳಿದಳು: "ಮೇಡಂ, ಅಂಗಂದ್ರೆ ಎತ್ತಿದ್ದೇ ತಪ್ಪಾ?"

ರತ್ನಮ್ಮ. ನಲವತ್ತರ ಹತ್ತಿರದ ವಯಸ್ಸು, ಬೇಗೂರಿನ ಹಳೆಯ ಮನೆತನ. ಹೊಲವಿದ್ದ ಜಾಗದಲ್ಲೆಲ್ಲ ಈಗ ಅವರ ಬಾಡಿಗೆ ಮನೆಗಳು. ಗಂಡ ತಾವೇ ಕಟ್ಟಿಸುತ್ತಿದ್ದ ಕಟ್ಟಡದ ಮೂರನೇ ಮಹಡಿಗೆ ನೀರು ಹೊಡೆಯಲು ಹೋಗಿ ಬಿದ್ದಿದ್ದ. ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಆಟೋಗೆ ಹಾಕಿದ್ದರು. ಕೆಲವು ತಿಂಗಳು ಕತ್ತಿನ ಕೆಳಗೆ ಏನೂ ಅಲ್ಲಾಡದೆ ಮಲಗಿದ್ದು ತೀರಿಕೊಂಡ. ಇಷ್ಟು ಅವಳ ಅರ್ಜಿ ತುಂಬಿಸುವಾಗಲೇ ನನಗೆ ಗೊತ್ತಿತ್ತು.

"ಗೊತ್ತಿಲ್ದೆ ಮಾಡಿದ್ದು ತಪ್ಪಾಗಲ್ಲಮ್ಮ. ಮುಂದಕ್ಕೆ ಹೋಗೋಣ," ಎಂದೆ.

ಎಷ್ಟು ಬೇಗ ಹೇಳಿದೆ. ಒಳ್ಳೆಯ ಮಾತೇ. ಅವಳು ಕೂತಳು.

ಆಮೇಲೆ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಕೂಗುತ್ತಿದ್ದವಳು. ಕೇಳಿದರೆ "ಟೈಮ್ ಸಾಲ್ಲಿಲ್ಲ ಮೇಡಂ" ಎನ್ನುತ್ತಿದ್ದಳು. ಮೂರನೇ ಸಲವೂ ಹೋದರೆ ಇಡೀ ತರಬೇತಿಯನ್ನೇ ಮೊದಲಿನಿಂದ ಮಾಡಬೇಕೆಂಬುದು ನಿಯಮ. ಅವಳ ಗಂಡನ ಅಣ್ಣ ಅದಕ್ಕೆ ಒಪ್ಪುವವನಲ್ಲ. "ಬಾಡಿಗೆ ಬತ್ತದೆ, ಉಂಡ್ಕಂಡು ಬಿದ್ದಿರೋಕೆ ಏನ್ ರೋಗ? ಕಂಡೋರ ರಕ್ತ ಬಳಿಯಾಕೆ ಓಗ್ಬೇಕಾ ನಮ್ಮನೆ ಹೆಂಗ್ಸು?" ಎಂದಿದ್ದನಂತೆ. ಅವಳಿಗೆ ಉಳಿದದ್ದು ಆ ಒಂದು ಪರೀಕ್ಷೆ. ಅದಕ್ಕೆ ಸರಿಯಾಗಿ ನನಗೆ ಆಪರೇಷನ್.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಸಿಸ್ಟರ್ ನನ್ನ ಕೊರಳಿನಲ್ಲಿದ್ದ ಲಿಂಗದ ಕರಡಿಗೆ ನೋಡಿ "ಇದು ತೆಗೀಬೇಕಲ್ವಾ ಮೇಡಂ" ಎಂದಳು. ತೆಗೆಯುವ ಹಾಗಿಲ್ಲ ಎಂದೆ. ಅವಳು ಬಹಳ ಒಳ್ಳೆಯವಳು. ದಾರ ಸಮೇತ ಅದನ್ನು ನನ್ನ ಎಡತೋಳಿಗೆ ಕಟ್ಟಿ ಮೇಲೆ ಪ್ಲಾಸ್ಟರ್ ಹಚ್ಚಿದಳು. ಬಲತೋಳಿಗೋ? ಎಡತೋಳು ಎಂದೇ ಇಟ್ಟುಕೊಳ್ಳಿ. ಎಚ್ಚರವಾದಾಗ ದೇವರ ಮುಂದಿನ ದೀಪದಂಥದ್ದು ಕಂಡ ನೆನಪಿದೆ. ನಮ್ಮ ಮನೆಯವರನ್ನು ಕೇಳಿದರೆ ಅದು ಯಾವುದೋ ಮಷೀನಿನ ಹಳದಿ ದೀಪ ಎನ್ನುತ್ತಾರೆ.

"ಧ್ವನಿಯ ನರ ಸ್ವಲ್ಪ ಎಳೆದಂತಾಗಿದೆ. ಕಾದು ನೋಡೋಣ," ಎಂದರು ಡಾಕ್ಟರು.

"ಎಷ್ಟು ದಿನ ಸಾರ್?" ಎಂದು ನಮ್ಮ ಮನೆಯವರು ಕೇಳಿದರು.

"ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಕೆಲವರಿಗೆ..." ಎಂದು ಅವರು ನನ್ನ ಫೈಲು ಮುಚ್ಚಿದರು.

ಗಂಟು ಕೆಟ್ಟದ್ದಲ್ಲ ಎಂದು ವರದಿ ಬಂತು. ಅದಕ್ಕೆ ದೇವರಿಗೆ ಕೈ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಾತೇ ಕಸುಬಾದವಳಿಗೆ ಮಾತು ಹೋದರೆ ಇನ್ನೇನು ಉಳಿಯಿತು? ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದೆ. ದೀಕ್ಷೆಯ ದಿನದಿಂದ ಬಾಯಿಬಿಟ್ಟು ಹೇಳುತ್ತಿದ್ದ ಮಂತ್ರ, ನನ್ನವ್ವ ಹೇಳುತ್ತಿದ್ದ ರಾಗದಲ್ಲೇ. ಈಗ ತುಟಿ ಅಲ್ಲಾಡಿದರೆ ಗಾಳಿ. ಮನಸ್ಸಿನಲ್ಲೇ ಹೇಳಿಕೊಂಡರೂ ಆಗುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಹೇಳಿದವರಿಗೆಲ್ಲ ಧ್ವನಿ ಇತ್ತು.

ಆದರೂ ಬೇಡಿಕೊಂಡೆ. ತಂದೆ, ಆ ಪರೀಕ್ಷೆಯ ಹೊತ್ತಿಗೆ ಧ್ವನಿ ಕೊಡು. ಆ ಹೆಂಗಸನ್ನು ದಡ ಸೇರಿಸುತ್ತೇನೆ, ಆಮೇಲೆ ಬೇಕಾದರೆ ವಾಪಸ್ ತೆಗೆದುಕೋ. ದಿನಾ ಇದೇ. ಕಡೆಗೆ ಅದು ಬೇಡಿಕೆಯೋ ಜಗಳವೋ ನನಗೇ ತಿಳಿಯದಾಯಿತು. ಒಂದಷ್ಟು ದಿನ ಪೂಜೆಗೆ ಕೂರಲೇ ಇಲ್ಲ. ಗೋಷ್ಠಿಯ ಮುಂದೆ ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಕೂರಲಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ಒಮ್ಮೆ ಕೇಂದ್ರಕ್ಕೆ ಹೋದೆ. ನನ್ನ ಜಾಗದಲ್ಲಿ ಬೇರೊಬ್ಬ ಸಾರ್ ಪಾಠ ಮಾಡುತ್ತಿದ್ದರು. ಬಾಗಿಲಲ್ಲಿ ನಿಂತು ಕೈ ಬೀಸಿದೆ. ಹಿಂದಿನ ಬೆಂಚಿನಿಂದ ಪಿಸುಮಾತು ಕೇಳಿಸಿತು: "ಮೇಡಂ ಸೈಲೆಂಟ್ ಮೋಡ್‌ನಲ್ಲಿದ್ದಾರೆ ಮಗಾ." "ವೈಬ್ರೇಟ್ ಆದ್ರೂ ಆಗ್ತಾರಾ ನೋಡು ಗುರು." ನಾನೂ ನಕ್ಕೆ. ನಗುವಿಗೂ ಶಬ್ದ ಬೇಕೆಂದು ಆಗ ಗೊತ್ತಾಯಿತು. ಮೆಟ್ಟಿಲಿಳಿದು ಬೇಕರಿಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತಿದ್ದೆ, ಬಹಳ ಹೊತ್ತು. ಮೇಲಿನಿಂದ ಆ ಸಾರ್ ಧ್ವನಿ ಚೆನ್ನಾಗಿ ಕೇಳುತ್ತಿತ್ತು.

ರತ್ನಮ್ಮ ಮನೆಗೇ ಬಂದಳು. ಒಂದು ಮಧ್ಯಾಹ್ನ, ತಮ್ಮ ಹಿತ್ತಲಲ್ಲಿ ಉಳಿದಿರುವ ಒಂದೇ ಮರದ ಸೀಬೆಹಣ್ಣು ಚೀಲದಲ್ಲಿ ತುಂಬಿಕೊಂಡು.

"ಆ ಸಾರ್ ಇಂಗ್ಲೀಷಲ್ಲೇ ಓಡ್ತಾರೆ ಮೇಡಂ, ನನ್ಗೆ ಇಡ್ಯಾಕಾಗಲ್ಲ. ನೀವು ಮಾತಾಡ್ಬ್ಯಾಡಿ. ಸುಮ್ಕೆ ಪಕ್ಕದಲ್ಲಿ ಕೂತ್ಕಳಿ, ನಾನು ಒತ್ತೀನಿ."

ಲ್ಯಾಪ್‌ಟಾಪಿನಲ್ಲಿ ಅಭ್ಯಾಸದ ಪರೀಕ್ಷೆ ತೆರೆದುಕೊಟ್ಟೆ. ಅವಳು ಓದಿ ಓದಿ ಒತ್ತುತ್ತಾ ಹೋದಳು. ಎದೆನೋವು, ಹಾವು ಕಡಿತ, ಹೆರಿಗೆ. ತುಟಿ ಅಲ್ಲಾಡಿಸುತ್ತಾ ಓದುತ್ತಾಳೆ. ಮುಕ್ಕಾಲು ಪಾಲು ಸರಿ. ಆಮೇಲೆ ಆ ಪ್ರಶ್ನೆ ಬಂತು.

ಕಟ್ಟಡದ ಮೇಲಿಂದ ಬಿದ್ದ ವ್ಯಕ್ತಿ. ಜಾಗ ಸುರಕ್ಷಿತವಾಗಿದೆ. ಪ್ರಜ್ಞೆ ಇದೆ, ಮಾತನಾಡುತ್ತಿದ್ದಾನೆ, ಕಾಲು ಅಲ್ಲಾಡಿಸಲು ಆಗುತ್ತಿಲ್ಲ. ಮೊದಲು ಏನು ಮಾಡುತ್ತೀರಿ? ಬೇಗ ಎತ್ತಿ ವಾಹನಕ್ಕೆ ಹಾಕುವುದು. ತಲೆ ಮತ್ತು ಕತ್ತನ್ನು ಕೈಯಿಂದ ಸ್ಥಿರವಾಗಿ ಹಿಡಿಯುವುದು. ಕೂರಿಸುವುದು. ನೀರು ಕುಡಿಸುವುದು.

ಅವಳ ಬೆರಳು ನಿಂತಿತು.

ಧ್ವನಿ ಇದ್ದ ಕಾಲದಲ್ಲಾಗಿದ್ದರೆ "ಎರಡನೇದು ರತ್ನಮ್ಮ, ತಲೆ, ತಲೆ" ಎಂದು ಹಿಂದಿನಿಂದ ಹೇಳಿ ದಾಟಿಸಿಬಿಡುತ್ತಿದ್ದೆ. ಎಷ್ಟು ಸಲ ಹಾಗೆ ದಾಟಿಸಿದ್ದೆನೋ. ಆವತ್ತು ಬಾಯಿ ತೆರೆದೆ, ಗಾಳಿ ಬಂತು. ಮುಚ್ಚಿಕೊಂಡೆ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಕೆಳಗೆ ಯಾವುದೋ ಕಂಪನಿ ಬಸ್ಸು ರಿವರ್ಸ್ ಬರುತ್ತಾ ಕುಯ್ಯೋ ಎನ್ನುತ್ತಿತ್ತು. ಅವಳು ಒತ್ತಲಿಲ್ಲ.

"ಎರಡು ಸಲಾನೂ ಇಲ್ಲೇ ನಿಂತ್ಬಿಟ್ಟೆ ಮೇಡಂ," ಎಂದಳು, ಪರದೆಯನ್ನೇ ನೋಡುತ್ತಾ. "ಟೈಮ್ ಸಾಲ್ಲಿಲ್ಲ ಅಂದಿದ್ದು ಸುಳ್ಳಲ್ಲ. ಇದ್ರ ಮುಂದೇನೇ ಟೈಮೆಲ್ಲ ಓಯ್ತು."

ನಾನು ಕಾದೆ. ಬೇರೆ ದಾರಿ ಇರಲಿಲ್ಲ.

"ಅವ್ರು ಎಚ್ಚರವಾಗೇ ಇದ್ರು ಮೇಡಂ. ಮುಟ್ಬ್ಯಾಡ ಕಣೆ, ಇಲ್ಲೇ ಇರ್ತೀನಿ ಬಿಡು ಅಂದ್ರು. ಜನ ಎಲ್ಲ ಸುಮ್ಕೆ ನಿಂತಿದ್ರು. ಎತ್ರೋ, ಎತ್ರೋ, ನೋಡ್ತಾ ನಿಂತವ್ರೆ ಅಂತ ಬಾಯಿ ಬಡ್ಕಂಡಿದ್ದು ನಾನೇ. ಅವ್ರ ಕಾಲ್ ಇಡ್ಕಂಡು ಎತ್ದೋಳೂ ನಾನೇ. ಎತ್ದಾಗ ಒಂದು ಸದ್ದು ಬಂತು. ಅವ್ರ ಬಾಯಿಂದಲೋ ಕತ್ತಿಂದಲೋ ಗೊತ್ತಿಲ್ಲ. ಆಮ್ಯಾಕೆ ಅವ್ರು ಮುಟ್ಬ್ಯಾಡ ಅನ್ನಿಲ್ಲ." ಪರದೆಗೆ ಬೆರಳು ತೋರಿಸಿ ಅಂದಳು: "ಈ ಎರಡನೇದು ಒತ್ತಿದ್ರೆ ಸರಿ ಅಂತ ಬತ್ತದೆ. ನಂಗೊತ್ತು. ಸರಿ ಅಂದ್ರೆ ಅವತ್ತು ಮಾಡಿದ್ದು ಏನು ಅಂತ ಆಯ್ತದಲ್ವಾ ಮೇಡಂ?"

ನನಗೆ ಧ್ವನಿ ಇದ್ದಿದ್ದರೆ ಗೊತ್ತಿಲ್ಲದೆ ಮಾಡಿದ್ದು ತಪ್ಪಲ್ಲಮ್ಮ ಎಂದು ಇನ್ನೊಮ್ಮೆ ಹೇಳಿಬಿಡುತ್ತಿದ್ದೆ. ಖಂಡಿತ ಹೇಳುತ್ತಿದ್ದೆ. ಆ ಮಾತಿನಿಂದ ಅವಳ ಬಾಯಿ ಮತ್ತೆ ಮುಚ್ಚುತ್ತಿತ್ತು.

ಎದ್ದು ಅವಳ ಬೆನ್ನ ಹಿಂದೆ ಹೋದೆ. ಎರಡೂ ಅಂಗೈಯನ್ನು ಅವಳ ಕಿವಿಯ ಮೇಲಿಟ್ಟು, ಬೆರಳುಗಳನ್ನು ದವಡೆಯ ಮೂಳೆಯ ಕೆಳಗೆ ಹರಡಿ, ಪಾಠದಲ್ಲಿ ಹೇಳಿಕೊಡುವ ಹಾಗೇ ಅವಳ ತಲೆ ಹಿಡಿದೆ. ಏಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಯೋಚಿಸಿ ಮಾಡಿದ್ದಲ್ಲ. ದೇವರು ಮಾಡಿಸಿದ ಎಂದು ಬರೆದರೆ ನಿಮಗೆ ಸಂತೋಷವಾಗುತ್ತದೆ. ನಾನೂ ಹಾಗೇ ನಂಬುತ್ತೇನೆ. ಆದರೆ ಆ ಹೊತ್ತಿನಲ್ಲಿ ಹಾಗೆ ಅನ್ನಿಸಿತೇ ಎಂದು ಕೇಳಿದರೆ, ಇಲ್ಲ. ಆ ಹೊತ್ತಿನಲ್ಲಿ ತಿಳಿದದ್ದು ಅವಳ ತಲೆಯ ಭಾರ ಮತ್ತು ಹರಳೆಣ್ಣೆಯ ವಾಸನೆ, ಅಷ್ಟೇ.

ಅವಳು ಅಲ್ಲಾಡಲಿಲ್ಲ. ಹಿಡಿದವಳು ಬಿಡುವ ಹಾಗಿಲ್ಲ ಎಂಬ ಪಾಠ ಇಬ್ಬರಿಗೂ ಗೊತ್ತಿತ್ತು. ನನ್ನ ತೋಳು ನೋಯತೊಡಗಿತು, ಕತ್ತಿನ ಗಾಯ ಎಳೆಯಿತು. ನನ್ನ ಮಣಿಕಟ್ಟು ಒದ್ದೆಯಾಯಿತು. ಕಣ್ಣೀರು ಎಂದು ಬರೆಯಲಿದ್ದೆ. ಸೆಕೆಯೂ ಇತ್ತು.

ಅವಳು ಯಾವಾಗ ಒತ್ತಿದಳೋ ನಾನು ನೋಡಲಿಲ್ಲ.

"ಸರಿ ಅಂತ ತೋರಿಸ್ತಾ ಐತೆ ಮೇಡಂ," ಎಂದಳು. ಆಮೇಲೆ ಮುಂದಿನ ಪ್ರಶ್ನೆ ಬಂತು. ಅದು ಸುಟ್ಟ ಗಾಯದ್ದು. ನಾನು ತಲೆ ಹಿಡಿದೇ ಇದ್ದೆ, ಅವಳು ಓದಿದಳು.

ಅಲ್ಲಿಂದ ಮುಂದೆ ದಿನಾ ಬಂದಳು. ಒಬ್ಬರೂ ಮಾತಾಡದೆ ಅಭ್ಯಾಸ ಮಾಡಿದೆವು. ಬೆಳಿಗ್ಗೆ ನಾನು ಮತ್ತೆ ಪೂಜೆಗೆ ಕೂರತೊಡಗಿದೆ. ಮಂತ್ರಕ್ಕೆ ಶಬ್ದ ಇರಲಿಲ್ಲ. ಧ್ವನಿ ಕೊಡು ಎಂದು ನಾನೂ ಕೇಳಲಿಲ್ಲ.

ಪರೀಕ್ಷಾ ಕೇಂದ್ರ ಬಿದ್ದದ್ದು ಊರಿನ ಆ ತುದಿಗೆ, ಪೀಣ್ಯದಲ್ಲಿ. ಹಳದಿ ಲೈನಿನ ಮೆಟ್ರೋ ಹತ್ತಿ, ಆರ್.ವಿ. ರೋಡಿನಲ್ಲಿ ಇಳಿದು ಹಸಿರು ಲೈನಿನದು ಹಿಡಿದು ಇಬ್ಬರೂ ಹೋದೆವು. ಮನೆಯಲ್ಲಿ ದೇವಸ್ಥಾನಕ್ಕೆ ಎಂದು ಹೇಳಿ ಬಂದಿದ್ದಳು. ಕಾರ್ಖಾನೆಗಳ ಸಾಲಿನಲ್ಲಿ ಒಂದು ಕಟ್ಟಡ, ಮೇಲಿನ ಮಹಡಿಯಲ್ಲಿ ಕಂಪ್ಯೂಟರುಗಳು. ಗೇಟಿನಲ್ಲಿ ಬಳೆ, ಬ್ಯಾಗು, ಫೋನು ಎಲ್ಲ ನನ್ನ ಕೈಗೆ ಕೊಟ್ಟು ಅಂದಳು:

"ಇಲ್ಲೇ ಇರ್ತೀರಾ ಮೇಡಂ?"

ತಲೆ ಆಡಿಸಿದೆ.

"ಎಲ್ಗೂ ಓಗ್ಬ್ಯಾಡಿ. ಯಾರಾದ್ರೂ ಮಾತಾಡ್ಸಿದ್ರೂ ಮಾತಾಡ್ಬ್ಯಾಡಿ," ಎಂದವಳು ತಾನೇ ನಕ್ಕಳು. "ನಿಮ್ಗೆಲ್ಲಿ ಆಯ್ತದೆ, ಬಿಡಿ."

ಎದುರಿಗೆ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಕೂತೆ. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಮಷೀನು ಧಡ್, ಧಡ್ ಎನ್ನುತ್ತಿತ್ತು. ನನಗೆ ಆವತ್ತೂ ಧ್ವನಿ ಬಂದಿರಲಿಲ್ಲ. ಬೇಡಿಕೊಂಡ ಗಡುವು ಮುಗಿದಿತ್ತು, ಕೊಟ್ಟಿರಲಿಲ್ಲ. ಅವಳ ಬಳೆಗಳು ಬಲಗೈಯಲ್ಲಿದ್ದವು. ಎಡ ಅಂಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡೆ. ಲಿಂಗ ಕರಡಿಗೆಯಲ್ಲೇ ಇತ್ತು, ಅಲ್ಲಿ ತೆಗೆಯುವ ಜಾಗವಲ್ಲ. ಬರಿಯ ಅಂಗೈ. ಮೇಲಿನ ಮಹಡಿಯಲ್ಲಿ ಒಬ್ಬ ಹೆಂಗಸು ಒಂದು ಪರದೆಯ ಮುಂದೆ ಒಬ್ಬಳೇ ಕೂತಿದ್ದಳು, ಅವಳ ತಲೆ ಹಿಡಿಯುವವರು ಯಾರೂ ಇರಲಿಲ್ಲ. ನಾನು ಬೇಡಿಕೊಂಡದ್ದು ಒಂದೇ ಮಾತು: ನೀನು ಹಿಡಿ. ನನ್ನ ಕೈ ಅಲ್ಲಿಯವರೆಗೆ ಹೋಗುವುದಿಲ್ಲ.

ಅವಳು ಇಳಿದು ಬಂದಾಗ ಮುಖದಲ್ಲಿ ಏನೂ ಇರಲಿಲ್ಲ. ಬಳೆ ಹಾಕಿಕೊಂಡಳು. "ಬಂದಿತ್ತು ಮೇಡಂ," ಎಂದಳು. ಬಿದ್ದವರ ಪ್ರಶ್ನೆ. ಆವತ್ತು ಗಂಡಸು ಎಂದಳು, ಈಗ ಕೇಳಿದರೆ ಏಣಿಯಿಂದ ಬಿದ್ದ ಹೆಂಗಸು ಎನ್ನುತ್ತಾಳೆ. ಒಂದೊಂದು ದಿನ ಆ ಪ್ರಶ್ನೆ ಬಂದೇ ಇರಲಿಲ್ಲವೇನೋ ಎನ್ನುತ್ತಾಳೆ. ಕೊನೆಯ ಪ್ರಶ್ನೆಯವರೆಗೂ ಹೋಗಿ ಮುಗಿಸಿದಳು ಎಂಬುದು ಮಾತ್ರ ಖಚಿತ.

ಪಾಸಾದಳು. ಫಲಿತಾಂಶ ಬಂದ ದಿನ ಅವಳ ಫೋನು ಬಂದು, ಅದನ್ನು ಕಿವಿಗಿಟ್ಟುಕೊಂಡಿದ್ದಾಗ ನನ್ನ ಬಾಯಿಂದ ಒಂದು ಶಬ್ದ ಬಂತು. ಅದು "ಶಿವಾ" ಎಂದು ನಮ್ಮ ಮನೆಯವರು ಎಲ್ಲರಿಗೂ ಹೇಳುತ್ತಾರೆ. ನನಗೆ ಅದು ಕೆಮ್ಮಿನ ಹಾಗೆ ಕೇಳಿಸಿತ್ತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಅರ್ಧ ಧ್ವನಿ ಬಂದಿದೆ, ತುಕ್ಕು ಹಿಡಿದ ಗೇಟಿನಂಥದ್ದು. ಇನ್ನರ್ಧ ಬರುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಈಗ ಕ್ಲಾಸಿನಲ್ಲಿ ಕೂಗುವುದಿಲ್ಲ. ಯಾರ ಬೆರಳಾದರೂ ನಿಂತರೆ ಪಕ್ಕದಲ್ಲಿ ಕೂರುತ್ತೇನೆ.

ಒಬ್ಬ ಹೆಂಗಸು ಪರೀಕ್ಷೆ ಪಾಸಾಗಲೆಂದು ದೇವರು ಇನ್ನೊಬ್ಬಳ ಗಂಟಲು ಕಿತ್ತುಕೊಂಡ ಎಂದು ದಯವಿಟ್ಟು ಹೇಳಬೇಡಿ. ಅಂಥ ದೇವರನ್ನು ನಾನು ಅಂಗೈಯಲ್ಲಿ ಇಟ್ಟುಕೊಳ್ಳಲಾರೆ. ನರ ಎಳೆದದ್ದು ಕತ್ತರಿಯ ಕೆಲಸ. ಅವಳ ಗಂಡ ಹೋದದ್ದು ಹೋದದ್ದೇ. ನಾನು ಸಾಕ್ಷಿ ಹೇಳುವುದು ಇಷ್ಟಕ್ಕೆ: ಎಲ್ಲ ಹೋದ ಮೇಲೆ ಆ ಕೋಣೆಯಲ್ಲಿ ನಾವು ಇಬ್ಬರೇ ಇರಲಿಲ್ಲ. ಬೇಡಿದ್ದನ್ನು ಅವನು ಕೊಡಲಿಲ್ಲ. ಬಿಡಲೂ ಇಲ್ಲ.

ರತ್ನಮ್ಮ ಈಗ ಚಂದಾಪುರದ ಕಡೆಯ ಒಂದು ಆಂಬುಲೆನ್ಸಿನಲ್ಲಿದ್ದಾಳೆ. ಅವಳ ಭಾವ ಮಾತು ಬಿಟ್ಟಿದ್ದಾನೆ. ಮೊನ್ನೆ ಬೆಳಿಗ್ಗೆ ಡ್ಯೂಟಿ ಮುಗಿಸಿ, ಯೂನಿಫಾರಂನಲ್ಲೇ ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟರೆ ಲೋಟ ಎತ್ತಲು ಆಗಲಿಲ್ಲ, ಬೆರಳುಗಳು ಸೆಟೆದುಕೊಂಡಿದ್ದವು. ಯಾವುದೋ ಶೆಡ್ಡಿನ ಶೀಟು ಮುರಿದು ಕೆಲಸದವನೊಬ್ಬ ಕೆಳಗೆ ಬಿದ್ದಿದ್ದನಂತೆ. ಒಡಿಶಾದವನೋ ಬಿಹಾರದವನೋ, ಅವನ ಮಾತು ಅವಳಿಗೆ ಅರ್ಥವಾಗಲಿಲ್ಲ.

"ಜನ ಎಲ್ಲ ಎತ್ರೋ ಎತ್ರೋ ಅಂತಿದ್ರು ಮೇಡಂ. ನಾನು ಯಾರ್ಗೂ ಬೈಲಿಲ್ಲ. ತಲೆ ಇಡ್ಕಂಡು ಮಣ್ಣಲ್ಲೇ ಕೂತೆ. ಗಾಡಿಲೂ ಇಡ್ಕಂಡೇ ಇದ್ದೆ. ಹೊಸೂರು ರೋಡ್ ಜಾಮು ಗೊತ್ತಲ್ಲ ನಿಮ್ಗೆ."

"ಬದುಕಿದನಾ?" ಎಂದೆ. ನನ್ನ ಅರ್ಧ ಧ್ವನಿಯಲ್ಲಿ ಅದು ಅವಳಿಗೆ ಒಂದೇ ಸಲಕ್ಕೆ ಕೇಳಿಸಲಿಲ್ಲ. ಮತ್ತೆ ಕೇಳಿದೆ.

"ಗೊತ್ತಿಲ್ಲ ಮೇಡಂ. ಆಸ್ಪತ್ರೇಲಿ ಇನ್ನೊಬ್ರು ಬಂದು ನಾನು ಇಡ್ದೆ ಅಂದ್ರು. ಅಲ್ಲೀಗಂಟ ಬಿಡ್ನಿಲ್ಲ."

ಲೋಟವನ್ನು ನಾನೇ ಅವಳ ಬಾಯಿಗೆ ಹಿಡಿದೆ. ಅವಳು ಕುಡಿದಳು.

ಆ ಶಿವನ ಪಾದಕ್ಕೆ ಶರಣು.